ನನ್ನ ಬಾಯಲ್ಲಿ ಅದು ಒಲಿಗೆ

ಬರೆಯುವಾಗ ನನಗೆ ಹಕಾರ ತಪ್ಪುವುದಿಲ್ಲ. ಸ್ಕೂಲಿನಲ್ಲಿ ಉಕ್ತಲೇಖನ ಕೊಟ್ಟರೆ ಇಡೀ ಕ್ಲಾಸಿಗೆ ನನ್ನದೇ ಹೆಚ್ಚು ನಂಬರು. ತಪ್ಪುವುದು ನಾಲಿಗೆಯಲ್ಲಿ ಮಾತ್ರ. ಇಲವಾಲದಿಂದ ಒಳಗೆ ಮೂರು ಮೈಲಿ ಹೋದರೆ ಸಿಗುವ ಊರಿನಲ್ಲಿ ಹುಟ್ಟಿದವಳು ನಾನು. ಅಲ್ಲಿ ಹಾಲಿಗೆ ಆಲು, ಹೊಲಕ್ಕೆ ಒಲ. ಅಪ್ಪ ಹಾಗೇ ಮಾತಾಡುತ್ತಿದ್ದ, ಅವ್ವ ಹಾಗೇ ಬೈಯುತ್ತಿದ್ದಳು. ಉಕ್ತಲೇಖನ ಹೇಳುವ ಮೇಷ್ಟ್ರು ಕೂಡ "ಅಸು" ಅಂತ ಹೇಳಿ, ನಾವು "ಹಸು" ಅಂತ ಬರೆದುಕೊಳ್ಳಲಿ ಎಂದು ಕಾಯುತ್ತಿದ್ದರು. ನಾವು ಬರೆದುಕೊಳ್ಳುತ್ತಿದ್ದೆವು.

ಅದೊಂದು ದೋಷ ಅಂತ ನನಗೆ ಗೊತ್ತಾದದ್ದು ನಲವತ್ತೈದನೇ ವಯಸ್ಸಿನಲ್ಲಿ. ಒಂದೇ ವಾರದಲ್ಲಿ ಸಾವಿರಾರು ಜನ ಹೇಳಿದರು. ಅವರಲ್ಲಿ ಹೆಚ್ಚುಕಮ್ಮಿ ಯಾರನ್ನೂ ನಾನು ನೋಡಿರಲಿಲ್ಲ.

ಮದುವೆಯಾಗಿ ಬೋಗಾದಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಯಜಮಾನರು ಕಡಕೊಳದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಒಬ್ಬಳೇ ಮಗಳು, ಡಿಗ್ರಿ ಎರಡನೇ ವರ್ಷ. ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಹೊಲಿಗೆ ಮಿಷನ್ ಹಾಕಿಕೊಂಡು ನಾನು ಕ್ಲಾಸು ನಡೆಸುತ್ತೇನೆ. ಪಿ.ಜಿ.ಯಲ್ಲಿರುವ ಹುಡುಗಿಯರು, ಕಟ್ಟಡ ಕೆಲಸಕ್ಕೆ ಬಂದವರ ಹೆಂಡತಿಯರು, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರುವ ತಾಯಂದಿರು ಬಂದು ಕಲಿಯುತ್ತಾರೆ. ಸಂಜೆ ಹೊತ್ತು ಸುತ್ತಮುತ್ತಲ ಮನೆಯವರ ಬ್ಲೌಸು ಹೊಲಿಯುತ್ತೇನೆ.

ವಿಡಿಯೋ ಶುರುವಾದದ್ದು ಒಬ್ಬ ವಿದ್ಯಾರ್ಥಿನಿಯಿಂದ. ಆಕೆಯ ಗಂಡನಿಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿತು. ಕ್ಲಾಸು ಅರ್ಧಕ್ಕೇ ನಿಂತಿತು. "ಮಿಸ್, ತೋಳಿನ ಕಟಿಂಗ್ ಒಂದು ಬಾಕಿ ಇತ್ತಲ್ಲ, ಫೋನಲ್ಲಿ ತೋರಿಸ್ತೀರಾ?" ಅಂತ ಕೇಳಿದಳು. ಮಗಳು ಮೊಬೈಲನ್ನು ಬಟ್ಟೆ ರ‍್ಯಾಕಿಗೆ ಕಟ್ಟಿ ನನ್ನ ಮುಖ, ಕೈ ಎರಡೂ ಕಾಣುವ ಹಾಗೆ ವಿಡಿಯೋ ತೆಗೆದಳು. ಅದನ್ನೇ ನೆಟ್ಟಿಗೂ ಹಾಕಿದಳು. ಎಲ್ಲೆಲ್ಲಿಯವರೋ ನೋಡಿ, ಕಾಲರ್ ಹೇಗೆ, ಲೈನಿಂಗ್ ಹೇಗೆ ಅಂತ ಕೇಳತೊಡಗಿದರು. ವಾರಕ್ಕೊಂದು ಮಾಡುವ ರೂಢಿಯಾಯಿತು. ಒಂದು ವರ್ಷ ಚೆನ್ನಾಗಿ ನಡೆಯಿತು. ನಾನು ಮೊದಲ ಸಲ ನನ್ನ ದನಿಯನ್ನು ಹೊರಗಿನಿಂದ ಕೇಳಿದ್ದೂ ಆಗಲೇ. ಪರವಾಗಿಲ್ಲ, ಅವ್ವನ ದನಿಯ ಹಾಗೇ ಇದೆ ಅನ್ನಿಸಿತ್ತು.

ಆಮೇಲೆ ಆ ತುಣುಕು ಬಂತು. ಬ್ಲೌಸಿನ ಅಂಚನ್ನು ಒಳಕ್ಕೆ ಮಡಚಿ ಕೈಯಲ್ಲಿ ಸಣ್ಣದಾಗಿ ಹೊಲಿಯುವುದಕ್ಕೆ ಹೆಮ್ಮಿಂಗ್ ಅನ್ನುತ್ತಾರೆ. ನನ್ನ ಬಾಯಲ್ಲಿ ಅದು ಎಮ್ಮಿಂಗ್. "ಮೊದ್ಲು ಎಮ್ಮಿಂಗ್ ಆಕಿ, ಆಮೇಲೆ ಉಕ್ಸ್ ಆಕಿ" ಅಂದಿದ್ದೆ. ಅಷ್ಟನ್ನು ಮಾತ್ರ ಯಾರೋ ಕತ್ತರಿಸಿ, ಒಂದು ಎಮ್ಮೆಯ ಚಿತ್ರ ಪಕ್ಕಕ್ಕಿಟ್ಟು, ನಾನು ಎಮ್ಮಿಂಗ್ ಅಂದಾಗಲೆಲ್ಲ ಎಮ್ಮೆ ಕೂಗುವ ಹಾಗೆ ಮಾಡಿದ್ದರು. ಹತ್ತು ಸಲ ಎಮ್ಮಿಂಗ್, ಹತ್ತು ಸಲ ಎಮ್ಮೆಯ ಕೂಗು, ಕೊನೆಗೆ ನನ್ನ ಮುಖ ಅಗಲವಾಗಿ ಹಿಗ್ಗಿ ಎಮ್ಮೆಯ ಮುಖವಾಗುವುದು.

ನಾನು ಅದನ್ನು ಕಂಡದ್ದು ನನ್ನ ಕ್ಲಾಸಿನಲ್ಲೇ. ಬೆಳಿಗ್ಗೆ ಹತ್ತೂವರೆ. ಹಿಂದಿನ ಮಿಷನ್ನಿನ ಇಬ್ಬರು ಹುಡುಗಿಯರು ತಲೆ ತಗ್ಗಿಸಿ ನಗುತ್ತಿದ್ದರು. "ಏನದು, ನಮ್ಗೂ ತೋರ್ಸಿ" ಅಂದೆ, ನಗುತ್ತಲೇ. ಅವರ ಮುಖ ಬಿಳಿಚಿಕೊಂಡಿತು. ನಾನೇ ಫೋನು ಈಸಿಕೊಂಡೆ. ನೋಡುತ್ತಾ ಮೊದಲು ನನಗೂ ನಗು ಬಂತು, ನಿಜ ಹೇಳುತ್ತೇನೆ. ಎಮ್ಮೆ ಸರಿಯಾದ ಹೊತ್ತಿಗೆ ಕೂಗುತ್ತಿತ್ತು. ಕೆಳಗೆ ಬರೆದದ್ದನ್ನು ಓದಲು ಹೋಗದಿದ್ದರೆ ನಕ್ಕು ಮರೆಯುತ್ತಿದ್ದೆನೋ ಏನೋ.

ಓದಿದೆ. ಹಳ್ಳಿ ಗುಗ್ಗು ಎಂದಿದ್ದರು. ಇಂಥವರೆಲ್ಲ ಟೀಚರಾ ಎಂದಿದ್ದರು. ಎಮ್ಮೆಗೂ ಇವಳಿಗೂ ಬಣ್ಣದಲ್ಲಿ ಏನು ವ್ಯತ್ಯಾಸ ಎಂದು ಒಬ್ಬ ಕೇಳಿದರೆ, ಎಮ್ಮೆಗೆ ಅವಮಾನ ಮಾಡಬೇಡಿ ಎಂದು ಇನ್ನೊಬ್ಬ. ಕನ್ನಡ ಉಳಿಯುವುದು ಹೇಗೆ ಎಂದು ಚಿಂತೆ ಮಾಡಿದವರೂ ಇದ್ದರು. ಆ ಚಿಂತೆಯಲ್ಲೇ ಅವರು ನಾಲ್ಕು ಕಾಗುಣಿತ ತಪ್ಪು ಮಾಡಿದ್ದರು.

ಅವತ್ತು ಕ್ಲಾಸು ಮುಗಿಸಿದೆ, ಅನ್ನಕ್ಕಿಟ್ಟೆ, ಒಲೆ ಪಕ್ಕ ನಿಂತುಕೊಂಡು ಓದಿದೆ. ಅನ್ನ ತಳ ಹತ್ತಿದ ವಾಸನೆ ಅತ್ತೆಗೆ ಬಂತು, ನನಗೆ ಬರಲಿಲ್ಲ.

ಬೈದರೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ನನಗೆ ಬಂದದ್ದು ಭಯ. ಬಾಯಿ ತೆಗೆಯುವುದಕ್ಕೆ ಭಯ. ಪ್ರತಿ ಮಾತನ್ನೂ ಆಡುವ ಮೊದಲು ಮನಸ್ಸಿನಲ್ಲಿ ಬರೆದುಕೊಂಡು, ಅದರಲ್ಲಿ ಹ ಇದೆಯಾ ಎಂದು ನೋಡಿ, ಆಮೇಲೆ ಆಡುತ್ತಿದ್ದೆ. ಅಷ್ಟು ಹೊತ್ತಿಗೆ ಎದುರಿಗಿದ್ದವರು ಬೇರೆ ಮಾತಿಗೆ ಹೋಗಿರುತ್ತಿದ್ದರು. ಒಂದು ದಿನ ದಿನಸಿ ಅಂಗಡಿಯಲ್ಲಿ ತುಂಬ ಹುಷಾರಾಗಿ, "ಎರಡು ಕೆ.ಜಿ. ಹಕ್ಕಿ ಕೊಡಿ" ಅಂದೆ. ಅಂಗಡಿಯವರು ವಯಸ್ಸಾದವರು, ಒಳ್ಳೆಯವರು. "ಹಕ್ಕಿ ಇಲ್ಲ ಕಣಮ್ಮ, ಕಾಗೆ ಗುಬ್ಬಚ್ಚಿ ಯಾವ್ದೂ ಇಲ್ಲ, ಅಕ್ಕಿ ಬೇಕಾದ್ರೆ ತಗೋ" ಅಂತ ನಕ್ಕರು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಅವತ್ತು ಚೀಲ ಅಲ್ಲೇ ಬಿಟ್ಟು ಮನೆಗೆ ಬಂದೆ. ಆಮೇಲೆ ಕೆಲವು ದಿನ ತರಕಾರಿ ಗಾಡಿಯವನ ಹತ್ತಿರ ಬೆರಳು ತೋರಿಸಿಯೇ ವ್ಯಾಪಾರ ಮಾಡಿದೆ. ಹೀರೇಕಾಯಿ, ಹುರುಳಿಕಾಯಿ, ಹಾಗಲಕಾಯಿ. ತರಕಾರಿಯಲ್ಲೂ ಎಷ್ಟೊಂದು ಹ!

ಕ್ಲಾಸಿನಲ್ಲಿ ಮಾತು ನಿಲ್ಲಿಸಿ ಕೈಯಲ್ಲೇ ತೋರಿಸತೊಡಗಿದೆ. ಇಬ್ಬರು ಬರುವುದನ್ನು ನಿಲ್ಲಿಸಿದರು. ಒಬ್ಬ ಹುಡುಗಿಯ ತಾಯಿ ಫೋನು ಮಾಡಿ, "ಬೇಜಾರು ಮಾಡ್ಕೋಬೇಡಿ, ಅವಳ ಫ್ರೆಂಡ್ಸೆಲ್ಲ ರೇಗಿಸ್ತಾರಂತೆ" ಅಂದರು. ಆ ಹುಡುಗಿಯ ಅರ್ಧ ಹೊಲಿದ ಕುರ್ತಾ ನನ್ನ ಮೇಜಿನ ಮೇಲೇ ಉಳಿಯಿತು.

ಯಜಮಾನರು ಮೊದಲು, "ಬುಡು ಅತ್ಲಾಗೆ, ಕೆಲ್ಸ ಇಲ್ದಿರೋರು" ಅಂದಿದ್ದರು. ಆದರೆ ಅವರ ಊಟದ ಡಬ್ಬಿ ಅರ್ಧ ತುಂಬಿಯೇ ವಾಪಸ್ಸು ಬರತೊಡಗಿತು. ಕೇಳಿದೆ. ಕ್ಯಾಂಟೀನಿಗೆ ಹೋಗುತ್ತಿಲ್ಲವಂತೆ, ಮಿಷನ್ನಿನ ಪಕ್ಕ ನಿಂತೇ ಎರಡು ತುತ್ತು ತಿನ್ನುತ್ತಾರಂತೆ. ಯಾಕೆ ಅಂದೆ. "ನಾನು ಒಳಗೆ ಓದ್ರೆ ಒಬ್ಬ ಎಮ್ಮೆ ತರ ಕೂಗ್ತಾನೆ" ಅಂದರು. ಇಪ್ಪತ್ತು ವರ್ಷ ಜೊತೆಯಲ್ಲಿ ಉಂಡವರಲ್ಲಿ ಒಬ್ಬ.

ಮಗಳದ್ದು ಬೇರೆ ಸಂಕಟ. ವಿಡಿಯೋ ಹಾಕಿದ್ದು ತಾನು ಅಂತ ಒಂದು ಕಡೆ, ಕಾಲೇಜಿನಲ್ಲಿ ನಾಚಿಕೆ ಇನ್ನೊಂದು ಕಡೆ. ಒಂದು ಭಾನುವಾರ ಬಂದು, "ಅಮ್ಮ, ನೀನು ಕೈಯಲ್ಲಿ ಮಾಡು, ನಾನು ವಾಯ್ಸ್ ಕೊಡ್ತೀನಿ, ಯಾರೂ ಏನೂ ಅನ್ನಲ್ಲ" ಅಂದಳು. ಒಪ್ಪಿದೆ. ಅವಳ ಕನ್ನಡ ತೊಳೆದಿಟ್ಟ ಲೋಟದ ಹಾಗಿದೆ, ಒಂದು ಹ ಅಲುಗುವುದಿಲ್ಲ. ಮುಗಿದ ಮೇಲೆ ಹಾಕಿ ತೋರಿಸಿದಳು. ಕತ್ತರಿ ಹಿಡಿದಿರುವುದು ನನ್ನ ಕೈ, ಸೂಜಿ ಚುಚ್ಚಿದ ಗುರುತಿರುವ ನನ್ನದೇ ಹೆಬ್ಬೆರಳು. ಮಾತು ಮಾತ್ರ ಬೇರೆಯವರದು. ನಾನು ಸತ್ತ ಮೇಲೆ ಯಾರೋ ನನ್ನ ಬಗ್ಗೆ ಮಾತಾಡುತ್ತಿದ್ದ ಹಾಗಿತ್ತು. "ತೆಗ್ದಾಕು ಇದ್ನ" ಅಂದೆ. ಅವಳಿಗೆ ಅಳು ಬಂತು. ನಾನು ಸಮಾಧಾನ ಮಾಡಲಿಲ್ಲ. ಮಾಡಬೇಕಿತ್ತು, ಆದರೆ ಆಗ ನನ್ನಲ್ಲಿ ಸಮಾಧಾನವೇ ಇರಲಿಲ್ಲ.

ಇಷ್ಟರಲ್ಲಿ ಅತ್ತೆಗೆ ಮನೆಯಲ್ಲಿ ಏನೋ ನಡೆಯುತ್ತಿದೆ ಅಂತ ಗೊತ್ತಾಗಿ, "ಅದೇನ್ ನಂಗೂ ತೋರ್ಸಿ" ಅಂತ ಪಟ್ಟು ಹಿಡಿದರು. ಮಗಳು ತೋರಿಸಿದಳು. ಅತ್ತೆ ಕನ್ನಡಕ ಏರಿಸಿ, ಎರಡು ಸಲ ನೋಡಿದರು.

"ಯಾರ್ದವ್ವ ಎಮ್ಮೆ? ಚೆನ್ನಾಗದೆ."

"ಅಜ್ಜಿ, ಅಮ್ಮನ್ನ ಆಡ್ಕೊಂಡವ್ರೆ. ಅಮ್ಮ ಎಮ್ಮಿಂಗ್ ಅಂತಾಳಲ್ಲ, ಅದಕ್ಕೆ."

"ಎಮ್ಮಿಂಗ್‌ನ ಎಮ್ಮಿಂಗ್ ಅನ್ದೆ ಇನ್ನೇನಂದಾರು?"

"ಎಮ್ಮಿಂಗ್ ಅಲ್ಲ ಅಜ್ಜಿ, ಹೆಮ್ಮಿಂಗ್."

"ಅದೇ ಕಣೆ, ನಾನೂ ಅದೇ ಅಂದಿದ್ದು. ಎಮ್ಮಿಂಗ್."

ಮಗಳು ಮತ್ತೆ ಹೇಳಿದಳು, ಅತ್ತೆ ಮತ್ತೆ ಅದನ್ನೇ ಹೇಳಿದರು. ಅವರಿಗೆ ಎರಡೂ ಒಂದೇ ಆಗಿ ಕೇಳುತ್ತಿತ್ತು. ನಗುವುದಕ್ಕೆ ಅಲ್ಲಿ ಏನಿದೆ ಎಂದು ಕೊನೆಗೂ ಅವರಿಗೆ ತಿಳಿಯಲಿಲ್ಲ. ಹದಿನೈದು ದಿನದಲ್ಲಿ ಮೊದಲ ಸಲ ಮಗಳೂ ನಾನೂ ಒಟ್ಟಿಗೆ ನಕ್ಕೆವು, ಹೊಟ್ಟೆ ಹಿಡಿದುಕೊಂಡು. ಅತ್ತೆಗೆ ಸಿಟ್ಟು ಬಂತು. "ನಿಮ್ಗೆ ಉಚ್ಚು ಇಡಿದದೆ" ಅಂತ ಎದ್ದುಹೋದರು.

ಆ ನಗು ಎರಡು ದಿನವೂ ಉಳಿಯಲಿಲ್ಲ. ನಮ್ಮ ರಸ್ತೆಯವರದು ಒಂದು ಮೊಬೈಲ್ ಗ್ರೂಪಿದೆ. ನೀರು ಯಾವಾಗ ಬಿಡುತ್ತಾರೆ, ಕಸದ ಗಾಡಿ ಬಂತಾ ಎನ್ನುವುದೆಲ್ಲ ಅದರಲ್ಲಿ ಬರುತ್ತದೆ. ಅದರಲ್ಲಿ ಒಂದು ಬೆಳಿಗ್ಗೆ ಆ ಎಮ್ಮೆಯ ವಿಡಿಯೋ ಬಂತು. ಹಾಕಿದವರು ಎದುರು ಸಾಲಿನ ಮೇಡಂ. ಆಫೀಸಿಗೆ ಹೋಗುವವರು, ಎಂಟು ವರ್ಷದಿಂದ ನನ್ನ ಹತ್ತಿರವೇ ಬ್ಲೌಸು ಹೊಲಿಸುವವರು. ಕೆಳಗೆ, "ನಮ್ಮ ರೋಡ್ ಫೇಮಸ್ ಆಯ್ತು" ಎಂದು ಬರೆದು ಮೂರು ನಗುವ ಮುಖ ಹಾಕಿದ್ದರು. ಹನ್ನೊಂದು ಮನೆಯವರು ತಾವೂ ನಗುವ ಮುಖ ಒತ್ತಿದ್ದರು. ಅಷ್ಟೂ ಮನೆಯ ಹೆಂಗಸರು ನನ್ನ ಮುಂದೆ ಕೈ ಎತ್ತಿ ನಿಂತು ಅಳತೆ ಕೊಟ್ಟವರು. ಮುಖ ಕಾಣದ ಸಾವಿರ ಜನಕ್ಕಿಂತ ಈ ಹನ್ನೊಂದು ಮನೆ ಹೆಚ್ಚು ನೋಯಿಸಿತು.

ಅದಾದ ವಾರಕ್ಕೆ ಇನ್ನೊಂದು ಬಂತು. ನನ್ನ ಮುಖವನ್ನು ಯಾರದೋ ಮೈಗೆ ಅಂಟಿಸಿದ ಚಿತ್ರ. ಅದನ್ನು ಇಲ್ಲಿ ವಿವರಿಸುವುದಿಲ್ಲ. ನನಗೆ ತೋರಿಸಿದವಳು ಮಗಳು. ಅದರ ಕೆಳಗೆ ನನ್ನ ಮೈ ಬಗ್ಗೆ ಮಾತ್ರವಲ್ಲ, ಅವಳ ಬಗ್ಗೆಯೂ ಬರೆದಿದ್ದರು. ಯಜಮಾನರು ಅವತ್ತು ಡ್ಯೂಟಿಗೆ ಹೋಗಲಿಲ್ಲ. "ನಡಿ, ಸ್ಟೇಷನ್ನಿಗೆ ಓಗನ" ಅಂದರು. ನಾನು ಬೇಡ ಅಂದೆ. ಅಲ್ಲಿ ಹೋದರೆ ಮತ್ತೆ ಮಾತಾಡಬೇಕು. ಹೇಳಬೇಕು, ಹೆಸರು ಹೇಳಬೇಕು, ಹೇಗೆ ಏನು ಎಂದು ಹೇಳಬೇಕು. ಅಲ್ಲೂ ನಕ್ಕರೆ?

"ನಗ್ಲಿ. ನಾನಿರ್ತೀನಿ" ಅಂದರು.

ಸ್ಟೇಷನ್ನಿನಲ್ಲಿ ದೂರು ಬರೆದುಕೊಳ್ಳಲು ಕೂತಿದ್ದವರು ಒಬ್ಬ ಮಹಿಳಾ ಪೊಲೀಸ್. ಮೂವತ್ತರ ಆಸುಪಾಸು. ಯೂನಿಫಾರ್ಮು ಇಸ್ತ್ರಿ ಮಾಡಿ ಗರಿಗರಿಯಾಗಿತ್ತು. ಅಭ್ಯಾಸಬಲ, ನನ್ನ ಕಣ್ಣು ಅವರ ಭುಜದ ಹೊಲಿಗೆಗೇ ಹೋಯಿತು. ಅವರು ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳಿದರು:

"ಎಸ್ರು ಏಳಿ."

ನಾನು ಸುಮ್ಮನೆ ಅವರನ್ನೇ ನೋಡಿದೆ.

"ಎಸ್ರು ಏಳಿ ಅಕ್ಕ, ಎದ್ರುಕೋಬೇಡಿ."

ಹೇಳಿದೆ. ಊರು ಯಾವುದು ಅಂದರು. ಹೇಳಿದೆ. "ಓ, ನಮ್ಮಜ್ಜಿ ಮನೆ ಪಕ್ಕದ್ದು" ಅಂದರು. ಆಮೇಲೆ ಒಂದೊಂದೇ ಬರಹವನ್ನು ದೂರಿಗೆ ಸೇರಿಸಲು ಜೋರಾಗಿ ಓದಿಕೊಳ್ಳುತ್ತಾ ಟೈಪು ಮಾಡತೊಡಗಿದರು. ನಾಲ್ಕನೆಯದಕ್ಕೆ ಬಂದಾಗ ನಿಲ್ಲಿಸಿದರು. "ಇದ್ನ ನಾನು ಬಾಯಲ್ಲಿ ಓದಲ್ಲ. ಅಂಗೇ ಸೇರಿಸ್ತೀನಿ" ಅಂದು ನನ್ನ ಕಡೆ ನೀರಿನ ಬಾಟಲಿ ಸರಿಸಿದರು. ಉಳಿದದ್ದನ್ನು ಮನಸ್ಸಿನಲ್ಲೇ ಓದಿದರು. ಅವರ ಕಿವಿ ಕೆಂಪಾಗುವುದು ನನಗೆ ಕಾಣುತ್ತಿತ್ತು.

ನಾನು ಅವರಿಗೆ ಎಲ್ಲವನ್ನೂ ಹೇಳಿದೆ, ಒಂದು ಗಂಟೆ. ಹ ಇದೆಯಾ ಎಂದು ಹುಡುಕಿ ನೋಡಿ ಆಡಿದ ಒಂದು ಮಾತೂ ಅದರಲ್ಲಿರಲಿಲ್ಲ. ಏಳಿದ್ದು, ಓದದ್ದು, ಅತ್ತಿದ್ದು, ಎದ್ರಿದ್ದು, ಎಲ್ಲ ನನ್ನ ನಾಲಿಗೆಗೆ ಬಂದ ಹಾಗೇ ಬಂತು. ಅವರು ಅದನ್ನು ಸರಿಯಾದ ಹಕಾರ ಹಾಕಿ ಟೈಪು ಮಾಡಿದರು. ಸಹಿ ಮಾಡುವ ಮೊದಲು ಓದಿದೆ, ಒಂದು ತಪ್ಪೂ ಇರಲಿಲ್ಲ. ಹೊರಗೆ ಬಂದು ಸ್ಕೂಟರ್ ಹತ್ತುವಾಗ ನನಗೆ ಸಿಟ್ಟು ಬಂತು. ಇಷ್ಟು ದಿನ ಬರದೇ ಇದ್ದ ಸಿಟ್ಟು ಒಂದೇ ಸಲಕ್ಕೆ. ದೂರು ಬರೆಯುವವರದು, ಪಾಠ ಮಾಡುವವರದು, ಬಟ್ಟೆ ಹೊಲಿಯುವವರದು, ಕಾರ್ಖಾನೆಯಲ್ಲಿ ದುಡಿಯುವವರದು ಇದೇ ಬಾಯಿ. ಇದನ್ನು ನಾನು ಯಾಕೆ ಮುಚ್ಚಿಕೊಂಡೆ?

ಮರುದಿನ ಬೆಳಿಗ್ಗೆ ಮಗಳನ್ನು ಕರೆದು, "ಫೋನ್ ಕಟ್ಟು" ಅಂದೆ. ಈ ಸಲ ಕೈ ಮಾತ್ರ ಬೇಡ, ಮುಖವೂ ಕಾಣಲಿ ಅಂದೆ. ಅವಳು ಫೋನು ಕಟ್ಟಿದಳು. ಕೂದಲು ಸರಿಮಾಡಲು ಬಂದಳು, ಬೇಡ ಅಂದೆ.

ನಾನು ಹೇಳಿದ್ದು ಇಷ್ಟು: "ನಾನು ಇಲವಾಲದ ಕಡೆಯೋಳು. ನಮ್ಮೂರಲ್ಲಿ ಇದಕ್ಕೆ ಒಲಿಗೆ ಅಂತಾರೆ. ನಿಮ್ಮೂರಲ್ಲಿ ಹೊಲಿಗೆ ಅಂದ್ರೆ ಅಂಗೇ ಅನ್ನಿ, ದಾರ ಬೇರೆ ಆಗಲ್ಲ. ನನ್ ಬಾಯಿ ಕೇಳಿ ನಗು ಬಂದ್ರೆ ನಕ್ಕೊಳ್ಳಿ, ನಂಗೂ ನಗು ಬಂದಿತ್ತು. ಆದ್ರೆ ನನ್ ಮೈ ಬಗ್ಗೆ, ನನ್ ಮಗಳ ಬಗ್ಗೆ ಬರೆದೋರ ಮೇಲೆ ಕಂಪ್ಲೇಂಟ್ ಕೊಟ್ಟಿದೀನಿ, ವಾಪಸ್ ತಗೊಳ್ಳಲ್ಲ. ಈಗ ಎಮ್ಮಿಂಗ್ ಎಂಗಾಕೋದು ಅಂತ ಇನ್ನೊಂದ್ಸಲ ತೋರಿಸ್ತೀನಿ. ಓದ್ಸಲ ಎಮ್ಮೆ ಕೂಗಿ ಅರ್ಧ ಪಾಠ ಯಾರಿಗೂ ಕೇಳಿಸ್ಲಿಲ್ಲ."

ಆಮೇಲೆ ಹನ್ನೆರಡು ನಿಮಿಷ ಪಾಠ ಮಾಡಿದೆ.

ಅದರಿಂದ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಎರಡನೇ ಸುತ್ತಿನ ಆಟ ಮೊದಲನೆಯದಕ್ಕಿಂತ ಜೋರಾಗಿತ್ತು. "ದಾರ ಬೇರೆ ಆಗಲ್ಲ" ಎಂಬುದಕ್ಕೂ ಹಾಡು ಕಟ್ಟಿದರು. ಜೊತೆಗೆ ಬೇರೆ ಕಡೆಯಿಂದಲೂ ಜನ ಬಂದರು. ಮಂಡ್ಯದವರು, ಚಾಮರಾಜನಗರದವರು, ನಂಜನಗೂಡಿನವರು, ತಮ್ಮ ಅವ್ವನೂ ಹೀಗೇ ಮಾತಾಡುತ್ತಾಳೆ ಎಂದು ಬರೆದರು. ಒಬ್ಬ ಹೆಂಗಸು, ತಾನು ಮೀಟಿಂಗಿನಲ್ಲಿ ಬಾಯೇ ಬಿಡುವುದಿಲ್ಲ, ಹತ್ತು ವರ್ಷದಿಂದ ಬಿಟ್ಟಿಲ್ಲ ಎಂದು ಬರೆದಿದ್ದಳು. ಅದನ್ನು ನಾನು ಮೂರು ಸಲ ಓದಿದೆ.

ಆ ವಾರವೇ ಎದುರು ಸಾಲಿನ ಮೇಡಂ ಮನೆಗೆ ಬಂದರು. ತಂಗಿಯ ಮಗಳ ಮದುವೆಗೆ ಬ್ಲೌಸು ಹೊಲಿಸಬೇಕಿತ್ತು. ಕೈಯಲ್ಲಿ ರೇಷ್ಮೆ ಬಟ್ಟೆ, ಮುಖದಲ್ಲಿ ಎಂದಿನ ನಗು.

"ಅಳತೆ ಹೋದ್ಸಲದ್ದೇ ಇಟ್ಕೊಳ್ರೀ, ಅರ್ಜೆಂಟಿದೆ" ಅಂದರು.

ನಾನು ಬಟ್ಟೆ ಮುಟ್ಟಲಿಲ್ಲ. "ಮೇಡಂ, ಆ ವಿಡಿಯೋನ ಗ್ರೂಪಲ್ಲಿ ಯಾಕ್ ಆಕಿದ್ರಿ?"

"ಅಯ್ಯೋ, ಅದಾ! ತಮಾಷೆಗೆ ಕಣ್ರೀ. ಎಲ್ಲ ಕಡೆ ಬಂದಿತ್ತಲ್ಲ. ನೀವಿಷ್ಟು ಸೀರಿಯಸ್ಸಾಗಿ ತಗೋತೀರ ಅಂದ್ಕೊಂಡಿರ್ಲಿಲ್ಲ."

"ಎಂಟು ವರ್ಷದಿಂದ ನಿಮ್ಮಳತೆ ನಾನು ತಗೋತಾ ಇದೀನಿ. ನಿಮ್ಗೆ ಎಲ್ಲಿ ಬಟ್ಟೆ ಬಿಗಿ ಬೇಕು, ಎಲ್ಲಿ ಮುಚ್ಚಬೇಕು, ಆಪರೇಷನ್ ಆದ್ಮೇಲೆ ಯಾವ ಕಡೆ ಎಷ್ಟು ತುಂಬ್ಸಿ ಒಲೀಬೇಕು, ಎಲ್ಲ ನಂಗೊತ್ತು. ಈ ರಸ್ತೆ ಎಲ್ಲಾ ಎಂಗಸ್ರದ್ದೂ ಗೊತ್ತು. ಒಂದಿನ, ಒಬ್ರ ಅತ್ರ, ತಮಾಷೆಗಾದ್ರೂ ಏಳಿದೀನಾ?"

ಅವರ ನಗು ನಿಂತಿತು. ಕೈ ತಾನಾಗಿ ಸೆರಗಿಗೆ ಹೋಯಿತು. ಹಾಗೆ ಅಂದುಬಿಟ್ಟೆನಲ್ಲ ಎಂದು ಒಂದು ಕ್ಷಣ ನನಗೇ ಕಸಿವಿಸಿಯಾಯಿತು. ಆದರೆ ಮಾತು ವಾಪಸ್ಸು ತೆಗೆದುಕೊಳ್ಳಲಿಲ್ಲ.

"ಸಾರಿ ರೀ" ಅಂದರು, ಸಣ್ಣಗೆ.

"ಸಾರಿ ನಂಗೆ ಏಳೋದಲ್ಲ. ಎಲ್ಲಿ ನಕ್ಕಿದ್ರೋ ಅಲ್ಲಿ ಏಳಿ."

ಬಟ್ಟೆ ಎತ್ತಿಕೊಂಡು ಹೊರಟುಹೋದರು. ಒಳಗಿನಿಂದ ಅತ್ತೆ, "ಮದ್ವೆ ಗಿರಾಕಿನ ಕಳ್ಸಿಬುಟ್ಟಲ್ಲವ್ವ" ಅಂದರು. ಕಳಿಸಿಬಿಟ್ಟೆ. ಮೂರು ದಿನ ಗ್ರೂಪಿನಲ್ಲಿ ನೀರಿನ ವಿಷಯ, ಕಸದ ವಿಷಯ ಮಾತ್ರ ಬಂತು. ನಾಲ್ಕನೇ ದಿನ ಅವರು ಎರಡು ಸಾಲು ಬರೆದರು, ನಗುವ ಮುಖವಿಲ್ಲದೆ: ಆ ವಿಡಿಯೋ ಹಾಕಬಾರದಿತ್ತು, ತಪ್ಪಾಯಿತು ಎಂದು. ಹನ್ನೊಂದು ಮನೆಯಲ್ಲಿ ನಾಲ್ಕು ಮನೆಯವರು ಅದರ ಕೆಳಗೆ ಕೈಮುಗಿದರು. ಉಳಿದವರು ಸುಮ್ಮನಿದ್ದರು. ಆ ಸುಮ್ಮನಿದ್ದವರನ್ನೂ ನಾನು ಗುರುತು ಮಾಡಿಕೊಂಡಿದ್ದೇನೆ, ಸುಳ್ಳು ಯಾಕೆ. ಮೇಡಂ ಈಗ ಬಟ್ಟೆ ತರುತ್ತಾರೆ, ನಾನು ಹೊಲಿದುಕೊಡುತ್ತೇನೆ. ಮೊದಲಿನ ಹಾಗೆ ಕೂತು ಕಾಫಿ ಕುಡಿಯುವುದಿಲ್ಲ.

ಯಜಮಾನರು ಕ್ಯಾಂಟೀನಿಗೆ ಹೋಗುತ್ತಿದ್ದಾರೆ. ಎಮ್ಮೆ ಕೂಗಿದವನ ಎದುರಿಗೇ ತಟ್ಟೆ ಇಟ್ಟುಕೊಂಡು, "ಇನ್ನೊಂದ್ಸಲ ಕೂಗು, ಸರಿಯಾಗಿ ಕೇಳಿಸ್ಲಿಲ್ಲ" ಅಂದರಂತೆ. ಅವನು ಕೂಗಲಿಲ್ಲವಂತೆ. ಬಿಟ್ಟುಹೋದ ಇಬ್ಬರು ಹುಡುಗಿಯರಲ್ಲಿ ಒಬ್ಬಳು ವಾಪಸ್ಸು ಬಂದಳು, ಇನ್ನೊಬ್ಬಳು ಬರಲಿಲ್ಲ. ನನಗೂ ಪೂರ್ತಿ ವಾಸಿಯಾಗಿಲ್ಲ. ಫೋನು ಗುಂಯ್ ಅಂದರೆ ಈಗಲೂ ಮೊದಲು ಅದನ್ನು ಮಗುಚಿ ಇಡುತ್ತೇನೆ, ಆಮೇಲೆ ನೋಡುತ್ತೇನೆ. ಗುರುತಿಲ್ಲದವರ ಜೊತೆ ಮಾತಾಡುವಾಗ ಕೆಲವೊಮ್ಮೆ ನಾಲಿಗೆ ತಡೆಯುತ್ತದೆ. ಹಾಗೆ ತಡೆದಾಗ ಬೇಕೆಂದೇ ಇನ್ನಷ್ಟು ಜೋರಾಗಿ ಆಡುತ್ತೇನೆ.

ಎರಡು ತಿಂಗಳ ಮೇಲೆ ಸ್ಟೇಷನ್ನಿನಿಂದ ಫೋನು ಬಂತು. ಆ ಹೊಲಸು ಚಿತ್ರ ಮಾಡಿದವನು ಸಿಕ್ಕಿದ್ದ. ಹುಡುಗನಲ್ಲ. ನನ್ನ ವಯಸ್ಸಿನವನು, ಎರಡು ಮಕ್ಕಳ ಅಪ್ಪ. ಯಾಕೆ ಮಾಡಿದೆ ಅಂದರೆ, "ಸುಮ್ನೆ, ಟೈಂಪಾಸಿಗೆ" ಅಂದನಂತೆ. ಅವನ ಅಣ್ಣ ನಮ್ಮ ಮನೆ ಹುಡುಕಿಕೊಂಡು ಬಂದು ಹಣ್ಣಿನ ಬುಟ್ಟಿ ಇಟ್ಟು, ಸಂಸಾರಸ್ಥ ಕಣಮ್ಮ, ದೂರು ವಾಪಸ್ಸು ತಗೊಳ್ಳಿ ಅಂತ ಕೇಳಿದ. ನಾನು ಬುಟ್ಟಿಯನ್ನು ಅವನ ಕೈಗೇ ಕೊಟ್ಟೆ. ನಾನೂ ಸಂಸಾರಸ್ಥೆ ಅಂದೆ.

ಕೇಸು ನಡೆಯುತ್ತಿದೆ. ಮುಂದಿನ ತಿಂಗಳು ನಾನು ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು. "ಅಲ್ಲಿ ಗಾಬರಿಯಾಗ್ಬೇಡಿ, ನಿಧಾನವಾಗಿ ಸ್ಪಷ್ಟವಾಗಿ ಮಾತಾಡಿ" ಅಂತ ವಕೀಲರು ಮೊನ್ನೆ ಹೇಳಿಕೊಟ್ಟರು.

"ಸ್ಪಷ್ಟವಾಗೇ ಏಳ್ತೀನಿ ಸರ್" ಅಂದೆ.

ಅವರು ಸರಿ ಎಂದು ತಲೆಯಾಡಿಸಿ, ಕೋರ್ಟಿನ ತಾರೀಖನ್ನು ಚೀಟಿಯಲ್ಲಿ ಬರೆದು ಕೊಟ್ಟರು.